ಮೋಟರ್ ಎತ್ತುವ ಮೊದಲು: ಕತೆಯ ನಿರೂಪಣೆಯಲ್ಲಿ ದೋಷ ಹುಡುಕುವ ಬಗೆ

ಜಗಳೂರು ಕಡೆಯ ರೈತರು ದಾವಣಗೆರೆಯ ನನ್ನ ವೈಂಡಿಂಗ್ ಅಂಗಡಿಗೆ ಫೋನ್ ಮಾಡಿದಾಗ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಮೋಟರ್ ಸುಟ್ಟಿದೆ, ಎತ್ತಬೇಕು.’ ನಾನು ಕೇಳುವುದೂ ಒಂದೇ ಮಾತು: ‘ಸ್ಟಾರ್ಟರ್ ನೋಡಿದಿರಾ?’ ಬೋರಿನೊಳಗೆ 500 ಅಡಿ ಆಳದಲ್ಲಿ ಕುಳಿತ ಮೋಟರನ್ನು ಮೇಲೆ ತರಲು 20 ಅಡಿಯ 25 ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು. ಗಾಡಿ ಬೇಕು, ಆಳು ಬೇಕು, ಒಂದು ದಿನ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ, ಮೋಟರ್ ಚೆನ್ನಾಗಿಯೇ ಇದೆ, ಮೇಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಫ್ಯೂಸ್ ಹೋಗಿ ಮೂರು ಫೇಸ್‌ಗಳಲ್ಲಿ ಎರಡೇ ಬರುತ್ತಿದ್ದವು ಎಂದು ಗೊತ್ತಾದರೆ ಆ ರೈತನ ಮುಖ ನೋಡುವ ಹಾಗಿರುವುದಿಲ್ಲ.

ಕತೆ ಬರೆಯುವ ನನಗೆ ತೋರಿಸಲೆಂದು ಭಾನುವಾರ ಅಂಗಡಿಗೆ ಕತೆ ಹಿಡಿದು ಬರುವ ಹುಡುಗ ಹುಡುಗಿಯರದೂ ಇದೇ ಅವಸರ. ‘ಅಣ್ಣಾ, ಕತೆ ಎಲ್ಲೋ ಸತ್ತಿದೆ. ‘ಅವಳು’ ಎಂದು ಬರೆದಿದ್ದೇನೆ, ‘ನಾನು’ ಎಂದು ಬದಲಾಯಿಸಲೇ?’ ಇದು ಮೋಟರ್ ಎತ್ತುವ ಮಾತು. ಹದಿನೈದು ಪುಟ ಬಿಚ್ಚಿ ಮತ್ತೆ ಕಟ್ಟಬೇಕು. ಕಟ್ಟಿದ ಮೇಲೂ ಬಹಳ ಸಲ ಕತೆ ಸತ್ತೇ ಇರುತ್ತದೆ. ಏಕೆಂದರೆ ದೋಷ ಸರ್ವನಾಮದಲ್ಲಿ ಇರಲೇ ಇಲ್ಲ. ಕತೆ ಹೇಳುವವನು ಎಲ್ಲಿ ನಿಂತು ನೋಡುತ್ತಿದ್ದಾನೆ, ಅವನಿಗೆ ಎಷ್ಟು ಗೊತ್ತಿದೆ ಎಂಬುದು ತೀರ್ಮಾನವಾಗದೆ ಉಳಿದದ್ದರಲ್ಲಿತ್ತು. ಅದನ್ನು ಕಂಡುಹಿಡಿಯಲು ಹೊರಗಿನ ಉಪಕರಣ ಬೇಕಿಲ್ಲ. ಕನ್ನಡದ ಕ್ರಿಯಾಪದ ಮತ್ತು ವಿಭಕ್ತಿಗಳಲ್ಲೇ ಮೀಟರುಗಳಿವೆ. ಅವುಗಳನ್ನು ಎಲ್ಲಿ ಹಚ್ಚಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಹೆಸರಿನಲ್ಲೇ ಒಂದು ತೊಡಕು

ಇಂಗ್ಲಿಷ್ ಪಾಠ ಓದಿ ಬಂದವರು ‘ನಾನು’ ಎಂದು ಹೇಳುವ ಕತೆಯನ್ನು ‘ಪ್ರಥಮ ಪುರುಷ ನಿರೂಪಣೆ’ ಎನ್ನುತ್ತಾರೆ. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ಅವನು, ಅವಳು, ಅದು. ನಾನು ಎಂಬುದು ಉತ್ತಮ ಪುರುಷ, ನೀನು ಎಂಬುದು ಮಧ್ಯಮ ಪುರುಷ. ಇದನ್ನು ತಿಳಿಯದೆ ಇಬ್ಬರು ಗೆಳೆಯರು ನನ್ನ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ವಾದ ಮಾಡಿದರು. ಇಬ್ಬರೂ ಹೇಳುತ್ತಿದ್ದದ್ದು ಒಂದೇ. ಆದ್ದರಿಂದ ಈ ಬರಹದಲ್ಲಿ ‘ನಾನು-ಕತೆ’, ‘ಅವನು-ಕತೆ’ ಎಂದೇ ಬರೆಯುತ್ತೇನೆ.

ಲಕ್ಷಣ: ಗುಟ್ಟಿರುವ ಕತೆ, ಆದರೆ ಕುತೂಹಲ ಹುಟ್ಟುವುದಿಲ್ಲ

ಹೆಚ್ಚು ಬರುವ ಕೇಸು ಇದು. ಬೇರೆಯವರ ಬರಹ ಎತ್ತಿ ಆಡುವುದು ಬೇಡ, ಪರೀಕ್ಷೆಗೆಂದು ನಾನೇ ಕೆಡಿಸಿ ಬರೆದ ಒಂದು ತುಣುಕು ಇಲ್ಲಿದೆ. ಕೊಟ್ರೇಶನ ಮೊದಲ ಬೋರು ಬತ್ತಿದೆ. ಎರಡನೆಯದನ್ನು ಕೊರೆಸಲು ಅವನು ಹೆಂಡತಿ ಗೌರಿಯ ಸರವನ್ನು ಅವಳಿಗೆ ತಿಳಿಸದೆ ಅಡವಿಟ್ಟಿದ್ದಾನೆ. ಬಸಮ್ಮ ಅವನ ತಾಯಿ.

‘ಕೊಟ್ರೇಶ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಗೌರಿಗೆ ಅನುಮಾನವಾಯಿತು. ಕೊರಳು ಮುಟ್ಟಿಕೊಂಡಳು, ಸರ ಪೆಟ್ಟಿಗೆಯಲ್ಲಿದೆ ಎಂದು ಸಮಾಧಾನ ಮಾಡಿಕೊಂಡಳು. ಸರ ಅಡವಿಟ್ಟದ್ದನ್ನು ಹೇಗೆ ಹೇಳಲಿ ಎಂದು ಕೊಟ್ರೇಶನಿಗೆ ದಿಗಿಲಾಯಿತು. ಬಸಮ್ಮನವರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಮಗನ ಮುಖ ಕಂಡ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು. ಅವನು ಸೀದಾ ಅಡುಗೆಮನೆಗೆ ಹೋಗಿ ನೀರು ಕುಡಿದ.’

ವಾಕ್ಯಗಳಲ್ಲಿ ತಪ್ಪಿಲ್ಲ. ಓದಿದರೆ ಏನೂ ಆಗುವುದೂ ಇಲ್ಲ. ಈಗ ಮೀಟರ್ ಹಚ್ಚೋಣ.

ಮೊದಲನೆಯದು ಚತುರ್ಥಿ ವಿಭಕ್ತಿ. ಕನ್ನಡದಲ್ಲಿ ಮನಸ್ಸಿನೊಳಗೆ ನಡೆಯುವುದೆಲ್ಲ ಬಹುಪಾಲು ‘ಗೆ’, ‘ಇಗೆ’ ಹಚ್ಚಿಕೊಂಡು ಬರುತ್ತದೆ: ಅವಳಿಗೆ ಬೇಸರವಾಯಿತು, ಅವನಿಗೆ ನೆನಪಾಯಿತು, ಅವರಿಗೆ ಅನಿಸಿತು, ಕೋಪ ಬಂತು, ಗೊತ್ತಾಯಿತು. ಹೊರಗಿನಿಂದ ನೋಡುವವನಿಗೆ ಇದಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಗಂಟಿಕ್ಕಿದ ಹುಬ್ಬು, ಕೆಳಗಿಟ್ಟ ಲೋಟ. ಆದ್ದರಿಂದ ಒಂದು ಕೆಂಪು ಪೆನ್ನು ಹಿಡಿದು, ಯಾರ ಯಾರ ಹೆಸರಿಗೆ ‘ಇಗೆ’ ಸೇರಿ ಒಳಗಿನ ಸಂಗತಿ ಬಂದಿದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಮೇಲಿನ ತುಣುಕಿನಲ್ಲಿ ಗೌರಿಗೆ, ಕೊಟ್ರೇಶನಿಗೆ, ಬಸಮ್ಮನಿಗೆ. ಏಳು ವಾಕ್ಯದಲ್ಲಿ ಮೂರು ತಲೆ. ‘ಕೊಳ್ಳು’ ಸೇರಿದ ಕ್ರಿಯಾಪದಗಳನ್ನೂ ನೋಡಿ: ಅಂದುಕೊಂಡಳು, ಸಮಾಧಾನ ಮಾಡಿಕೊಂಡಳು. ಅವೂ ಒಳಗಿನವೇ, ಆದರೆ ‘ಇಗೆ’ ಇಲ್ಲದ್ದರಿಂದ ಪೆನ್ನಿನಿಂದ ತಪ್ಪಿಸಿಕೊಳ್ಳುತ್ತವೆ.

ಮೂರು ತಲೆ ಇದ್ದದ್ದೇ ತಪ್ಪಲ್ಲ, ಅದರಿಂದ ಆದ ನಷ್ಟ ತಪ್ಪು. ಸರ ಪೆಟ್ಟಿಗೆಯಲ್ಲಿದೆ ಎಂದು ಗೌರಿ ಸಮಾಧಾನ ಮಾಡಿಕೊಂಡ ಮರುಕ್ಷಣವೇ ಕೊಟ್ರೇಶನ ತಲೆ ತೆರೆದು ಗುಟ್ಟು ಚೆಲ್ಲಿಬಿಟ್ಟಿದ್ದೇವೆ. ಅವಳ ಅನುಮಾನದಲ್ಲಿ ಓದುಗ ಪಾಲುದಾರನಾಗಲು ಒಂದು ವಾಕ್ಯದಷ್ಟೂ ಸಮಯ ಸಿಗಲಿಲ್ಲ. ಎರಡು ಫೇಸ್ ಮಾತ್ರ ಬಂದಾಗ ಮೋಟರ್ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಹಾಗೆ.

ಎರಡನೆಯದು ‘ಬಂದ’ ಮತ್ತು ‘ಹೋದ’. ‘ಒಳಗೆ ಬಂದ’ ಎಂದರೆ ನೋಡುವವರು ಒಳಗಿದ್ದಾರೆ. ‘ಒಳಗೆ ಹೋದ’ ಎಂದರೆ ಹೊರಗಿದ್ದಾರೆ. ತುಣುಕಿನ ಮೊದಲ ವಾಕ್ಯದಲ್ಲಿ ನಾವು ಮನೆಯೊಳಗೆ ಇದ್ದೇವೆ. ಕೊನೆಯದರಲ್ಲಿ ಕೊಟ್ರೇಶ ಅಡುಗೆಮನೆಗೆ ‘ಹೋದ’, ಅಂದರೆ ನಾವು ಅಡುಗೆಮನೆಯಲ್ಲಿ ಇಲ್ಲ. ಹಾಗಾದರೆ ಗೌರಿ ಎಲ್ಲಿದ್ದಳು? ಬರೆಯುವಾಗ ನಾನು ಯೋಚಿಸಿಯೇ ಇರಲಿಲ್ಲ. ಈ ಪ್ರಶ್ನೆ ಕೇಳಿದಾಗ ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಾರೆ. ಪಾತ್ರ ನಿಂತ ಜಾಗ ಬರೆಯುವವನಿಗೇ ಗೊತ್ತಿಲ್ಲದಿದ್ದರೆ ಯಾವ ಸರ್ವನಾಮ ಹಾಕಿಯೂ ಪ್ರಯೋಜನವಿಲ್ಲ. ‘ಈ’ ಮತ್ತು ‘ಆ’, ‘ಇಲ್ಲಿ’ ಮತ್ತು ‘ಅಲ್ಲಿ’ ಕೂಡ ಇದೇ ಕೆಲಸ ಮಾಡುತ್ತವೆ, ಅವನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಮರ್ಯಾದೆ. ನನ್ನ ಅನುಭವದಲ್ಲಿ ಇದರಷ್ಟು ಸೂಕ್ಷ್ಮವಾದ ಮುಳ್ಳು ಬೇರೆ ಯಾವ ಮೀಟರಿನಲ್ಲೂ ಇಲ್ಲ. ‘ಬಸಮ್ಮನವರು ಕತ್ತರಿಸುತ್ತಿದ್ದರು’ ಎಂದವನೇ ಮುಂದಿನ ವಾಕ್ಯದಲ್ಲಿ ‘ಅವಳಿಗೆ ಗೊತ್ತಾಯಿತು’ ಎಂದಿದ್ದೇನೆ. ಯಾರ ಬಾಯಿಯಿಂದ ‘ಅವರು’, ಯಾರ ಬಾಯಿಯಿಂದ ‘ಅವಳು’? ಸೊಸೆಯ ಕಣ್ಣಿನಿಂದ ನೋಡಿದರೆ ಅವರು ಅತ್ತೆ. ಮಗನ ಕಣ್ಣಿನಿಂದ ಅವ್ವ. ಪಕ್ಕದ ಮನೆಯವರಿಗೆ ಬಸಮ್ಮನವರು. ಹೊಲ ಅಡವು ಹಿಡಿದ ಸಾಹುಕಾರನಿಗೆ ಬರೀ ಬಸಮ್ಮ. ಎಲ್ಲ ಹಿರಿಯರನ್ನೂ ಒಂದೇ ಸಮನೆ ‘ಅವರು’ ಮಾಡುವುದು, ಬಡವರನ್ನೆಲ್ಲ ‘ಅವನು, ಅವಳು’ ಮಾಡುವುದು ನಮ್ಮಲ್ಲಿ ಅಭ್ಯಾಸವಾಗಿಹೋಗಿದೆ. ಶೆಟ್ಟರು ಬರುತ್ತಾರೆ, ಹಮಾಲಿ ಬರುತ್ತಾನೆ. ಹಮಾಲಿಯ ಮಗಳ ಕಣ್ಣಿನಿಂದ ಹೇಳುವ ಕತೆಯಲ್ಲೂ ಹೀಗೆಯೇ ಬಂದರೆ, ಹೇಳುತ್ತಿರುವುದು ಅವಳಲ್ಲ, ಪೇಟೆಯಲ್ಲಿ ಕುಳಿತ ಬರಹಗಾರ.

ನಾಲ್ಕನೆಯದು ‘ತಾನು’. ‘ಕೊಟ್ರೇಶ ತನ್ನ ಕಡೆ ನೋಡಲಿಲ್ಲ’ ಎಂಬ ವಾಕ್ಯವನ್ನು ಒಂಟಿಯಾಗಿ ಇಟ್ಟರೆ, ವ್ಯಾಕರಣದ ಪ್ರಕಾರ ತನ್ನ ಎಂದರೆ ಕೊಟ್ರೇಶನದೇ. ಆದರೆ ಅದರ ಹಿಂದಿನ ವಾಕ್ಯಗಳು ಗೌರಿಯ ಒಳಗೆ ನೆಲೆಯೂರಿದ್ದರೆ ಓದುಗ ತಡವರಿಸದೆ ‘ಗೌರಿಯ ಕಡೆ’ ಎಂದೇ ಓದಿಕೊಳ್ಳುತ್ತಾನೆ. ಆದ್ದರಿಂದ ಇಂಥ ಒಂದು ‘ತನ್ನ’ವನ್ನು ಬೇಕೆಂದೇ ಸೇರಿಸಿ ಯಾರಿಗಾದರೂ ಓದಲು ಕೊಡಿ. ಅವರು ನಿಂತು ‘ಯಾರ ಕಡೆ?’ ಎಂದು ಕೇಳಿದರೆ ದೃಷ್ಟಿ ಇನ್ನೂ ಕೂತಿಲ್ಲ.

ಈಗ ಅದೇ ತುಣುಕು, ಗೌರಿಯ ಜಾಗದಿಂದ:

‘ಗೌರಿ ರೊಟ್ಟಿ ತಟ್ಟುತ್ತಿದ್ದಳು. ಮುಂಬಾಗಿಲು ತೆರೆದಿದ್ದರೂ ಕೊಟ್ರೇಶ ಹಿತ್ತಿಲಿನಿಂದ ಬಂದ. ಹಂಡೆಯ ಹತ್ತಿರ ನಿಂತೇ ಎರಡು ಲೋಟ ನೀರು ಕುಡಿದ. ತನ್ನ ಕಡೆ ನೋಡಲಿಲ್ಲ. ಜಗಲಿಯ ಮೇಲೆ ಅತ್ತೆಯ ಅಡಕತ್ತರಿಯ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬರಿಗೊರಳನ್ನು ಮುಟ್ಟಿಕೊಂಡಳು. ಪೆಟ್ಟಿಗೆಯ ಕೀಲಿ ಮೊಳೆಯಲ್ಲಿ ಎಂದಿನಂತೆಯೇ ತೂಗುತ್ತಿತ್ತು.’

‘ಅವನು’ ‘ನಾನು’ ಆಗಲಿಲ್ಲ, ‘ಅವಳು’ ‘ನೀನು’ ಆಗಲಿಲ್ಲ. ಮೋಟರ್ ಕೆಳಗೇ ಇದೆ. ಬಸಮ್ಮನಿಗೆ ಎಲ್ಲ ಗೊತ್ತಾಯಿತು ಎಂದು ಹೇಳುವ ಬದಲು ಅಡಕತ್ತರಿ ನಿಂತಿತು, ಅಷ್ಟೆ. ಅತ್ತೆಗೆ ಗೊತ್ತಾಯಿತೋ, ಅತ್ತೆಗೆ ಮೊದಲೇ ಗೊತ್ತಿತ್ತೋ ಎಂಬ ಪ್ರಶ್ನೆಯೂ ಪುಕ್ಕಟೆಯಾಗಿ ಸಿಕ್ಕಿತು. ಮುಂದಿನ ಕತೆಗೆ ಅದೇ ಬಂಡವಾಳ.

ಲಕ್ಷಣ: ‘ನಾನು’ ಎಂದು ಬರೆದರೂ ನಂಬಿಕೆ ಬರುವುದಿಲ್ಲ

ಇಲ್ಲಿ ಕಾರಣಗಳು ಹಲವು, ಆದರೆ ಮೊದಲು ನೋಡಬೇಕಾದದ್ದು ‘ಅಂತೆ’. ಬೋರ್ ಕೊರೆಯುವಾಗ ಗೌರಿ ತವರಿನಲ್ಲಿದ್ದಳು ಎಂದುಕೊಳ್ಳಿ. ಅವಳೇ ಹೇಳುವ ಕತೆಯಲ್ಲಿ ‘600 ಅಡಿಗೆ ಹೋದರೂ ಬರೀ ದೂಳು ಬಂತು’ ಎಂದಿದ್ದರೆ ಅದು ಸುಳ್ಳಿನಂತೆ ಕೇಳುತ್ತದೆ. ಕಾರಣ ಏನೆಂದು ಓದುಗನಿಗೂ ತಕ್ಷಣ ಹೊಳೆಯುವುದಿಲ್ಲ. ‘ದೂಳು ಬಂತಂತೆ’ ಎಂದ ಕೂಡಲೇ ಸರಿಹೋಗುತ್ತದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವಿನ ಗೆರೆಯನ್ನು ಎರಡೇ ಅಕ್ಷರದಲ್ಲಿ ಎಳೆಯುವ ಸವಲತ್ತನ್ನು ಕನ್ನಡ ಕೊಟ್ಟಿದೆ. ಅದನ್ನು ಬಳಸದೆ ‘ಎಂದು ನನಗೆ ನಂತರ ತಿಳಿದುಬಂದಿತು’ ಎಂದು ಪೊಲೀಸ್ ಹೇಳಿಕೆಯ ಹಾಗೆ ಬರೆಯುವುದು ನನಗಂತೂ ಸಹಿಸಲಾಗದ ಸಂಗತಿ.

ಕತೆ ಪೂರ್ತಿ ಅಂತೆಕಂತೆಯಾದರೆ? ಆಗ ನಿಮ್ಮ ನಿರೂಪಕಿ ಎಲ್ಲ ಮುಖ್ಯ ಘಟನೆಗಳ ಹೊತ್ತಿಗೂ ಬೇರೆ ಕಡೆ ಇದ್ದಾಳೆ ಎಂದರ್ಥ. ಇದು ಸ್ಟಾರ್ಟರಿನ ದೋಷವಲ್ಲ, ಮೋಟರಿನದೇ. ಬೇರೆಯವರನ್ನು ಹುಡುಕಬೇಕು.

ಮುಂದಿನ ತಪಾಸಣೆ: ಪ್ರತಿ ವಾಕ್ಯದ ತಲೆಯಲ್ಲೂ ‘ನಾನು’ ಕುಳಿತಿದೆಯೇ? ‘ನಾನು ಎದ್ದೆ. ನಾನು ಮುಖ ತೊಳೆದೆ. ನಾನು ಬಸ್ ಹತ್ತಿದೆ.’ ಎದ್ದೆ ಎಂದಾಗಲೇ ನಾನು ಬಂದಾಯಿತು. ಮತ್ತೆ ಮತ್ತೆ ಹೇಳಿದರೆ ಎದೆ ತಟ್ಟಿಕೊಂಡ ಹಾಗಾಗುತ್ತದೆ. ಬೇಡವಾದ ನಾನುಗಳನ್ನು ತೆಗೆದು ನೋಡಿ, ಎಷ್ಟೋ ಕತೆಗಳು ಅಷ್ಟಕ್ಕೇ ಉಸಿರಾಡುತ್ತವೆ. ಹಾಗೆಂದು ‘ನೀನು’ ಎಂದು ಕತೆ ಬರೆಯುವ ಹೊಸ ಉತ್ಸಾಹಿಗಳು ಇದೇ ಚಾಲಾಕಿ ಮಾಡಲು ಹೋಗಬಾರದು. ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಕ್ರಿಯಾಪದ ಒಂದೇ. ನೀನು ಬಿಟ್ಟರೆ ಓದುಗ ಅದನ್ನು ನಾನು ಎಂದೇ ಓದುತ್ತಾನೆ. ‘ನೀನು’-ಕತೆ ನಮ್ಮಲ್ಲಿ ಎರಡು ಪುಟ ದಾಟಿದರೆ ಬೈಗುಳದ ಹಾಗೋ ಆರತಿಯ ಹಾಗೋ ಕೇಳಲು ಇದೂ ಒಂದು ಕಾರಣವಿರಬಹುದು.

ಇನ್ನು ಮಾತಿನ ಧಾಟಿ. ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವ ಎದ್ದು ಮರಳು ಕಾಯಿಸುವವನು ‘ನನ್ನ ಅಸ್ತಿತ್ವದ ಏಕಾಂತವು’ ಎಂದು ಶುರು ಮಾಡಿದರೆ ಆ ‘ನಾನು’ ಸುಳ್ಳು. ಅವನ ಆಡುಮಾತನ್ನೇ ಇಡೀ ಕತೆಗೆ ಬಳಸುವುದು ಒಂದು ದಾರಿ, ಕಷ್ಟದ ದಾರಿ. ಶಿಷ್ಟ ಭಾಷೆಯಲ್ಲೇ ಬರೆದರೂ ಅವನ ಲೋಕದ ನಾಮಪದಗಳನ್ನು ಬಿಡದಿರುವುದು ಇನ್ನೊಂದು. ಅವನು ನೋಡಿದ ಬಿಸಿ ಮರಳಿನದು, ಅವನು ನೋಡಿದ ಬಿಳುಪು ಮಂಡಕ್ಕಿಯದು. ಹಿಮವನ್ನು ಅವನು ಕಂಡಿಲ್ಲ, ಆದ್ದರಿಂದ ಹಿಮದಂತೆ ಬಿಳಿ ಎನ್ನುವ ಹಕ್ಕು ಅವನಿಗಿಲ್ಲ.

‘ನಾನು’ ನಾಯಕನೇ ಆಗಿರಬೇಕು ಎಂಬುದೂ ಒಂದು ಭ್ರಮೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನಾನು-ಕತೆಯೇ. ಆದರೆ ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವುದು ಮಂದಣ್ಣ ಮತ್ತು ಕರ್ವಾಲೊ. ಹೇಳುವವನು ಪಕ್ಕದಲ್ಲಿ ನಿಂತು, ಅರ್ಧ ನಂಬುತ್ತ ಅರ್ಧ ಅನುಮಾನಿಸುತ್ತ ನೋಡುತ್ತಾನೆ. ವಿಜ್ಞಾನಿಯೇ ‘ನಾನು’ ಎಂದು ಹೇಳಿದ್ದರೆ ಆ ಬೆರಗು ಉಳಿಯುತ್ತಿತ್ತೇ?

ಲಕ್ಷಣ: ಯಾರಿಂದ ಹೇಳಿಸಬೇಕೆಂದೇ ತಿಳಿಯುತ್ತಿಲ್ಲ

ಇದಕ್ಕೆ ಓಬವ್ವನ ಕಿಂಡಿಯೇ ನನ್ನ ಪರೀಕ್ಷಾ ಬೋರ್ಡು. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ ಆಗಿದ್ದರಿಂದ ಓಬವ್ವನ ಮೇಲೆ ನಮಗೂ ಹಕ್ಕಿದೆ. ಕತೆ ಗೊತ್ತಿರುವುದೇ: ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ ದಿನಗಳು, ಕಾವಲುಗಾರ ಗಂಡ ಊಟಕ್ಕೆ ಮನೆಗೆ ಬಂದಿದ್ದಾನೆ, ನೀರು ತರಲು ಹೋದ ಓಬವ್ವ, ಬಂಡೆಗಳ ನಡುವಿನ ಕಿಂಡಿಯಿಂದ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಲ್ಲುತ್ತಾಳೆ.

ದುರ್ಗದ ಐತಿಹಾಸಿಕ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರ ನೆಲದವರಿಗೆ ಕೋಟೆ ಕಂಡ ಕೂಡಲೇ ಎತ್ತರದ ದನಿಯಲ್ಲಿ ಶುರು ಮಾಡುವ ಚಪಲ: ‘ಅಂದು ದುರ್ಗದ ಮೇಲೆ ಕಾರ್ಮೋಡ ಕವಿದಿತ್ತು…’ ಅದನ್ನು ಬದಿಗಿಟ್ಟು ಮೂವರನ್ನು ಒಬ್ಬೊಬ್ಬರಾಗಿ ಕೂರಿಸಿ ನೋಡಿ.

ಓಬವ್ವ ‘ನಾನು’ ಎಂದು ಹೇಳಿದರೆ? ಕ್ರಿಯೆಯೆಲ್ಲ ಅವಳದೇ, ಆದ್ದರಿಂದ ಎಲ್ಲರೂ ಮೊದಲು ಅವಳನ್ನೇ ಆರಿಸುತ್ತಾರೆ. ಆದರೆ ಜನ ಹೇಳುವ ಕತೆಯಲ್ಲಿ ಅವಳು ಆ ದಿನವೇ ಸಾಯುತ್ತಾಳೆ. ಹಾಗಾದರೆ ಯಾವಾಗ ಹೇಳುತ್ತಿದ್ದಾಳೆ, ಯಾರಿಗೆ ಹೇಳುತ್ತಿದ್ದಾಳೆ? ಪ್ರತಿ ನಾನು-ಕತೆಗೂ ಈ ಎರಡು ಪ್ರಶ್ನೆ ಕೇಳಲೇಬೇಕು. ಉತ್ತರವನ್ನು ಕತೆಯೊಳಗೆ ಬರೆಯಬೇಕಿಲ್ಲ, ಬರೆಯುವವನಿಗೆ ಗೊತ್ತಿದ್ದರೆ ಸಾಕು. ಒನಕೆ ಎತ್ತಿದ ಕ್ಷಣದಲ್ಲಿ ಅವಳಿಗೆ ವಾಕ್ಯ ಕಟ್ಟಲು ಪುರಸೊತ್ತಿಲ್ಲ ಎಂಬುದು ಇನ್ನೊಂದು ತೊಡಕು.

ಗಂಡ? ಅವನಿಗೆ ಏನೂ ಗೊತ್ತಿಲ್ಲ, ಅದೇ ಅವನ ಶಕ್ತಿ. ಮುದ್ದೆ ಮುರಿಯುತ್ತಿದ್ದಾನೆ. ನೀರು ತರಲು ಹೋದವಳು ಇನ್ನೂ ಬಂದಿಲ್ಲ. ಬೇಸರ, ಆಮೇಲೆ ಸಿಟ್ಟು. ಮೂಲೆಯಲ್ಲಿ ಒನಕೆ ಇದ್ದ ಜಾಗ ಖಾಲಿ. ಅದನ್ನು ಅವನು ಗಮನಿಸುವುದಿಲ್ಲ, ಓದುಗ ಗಮನಿಸುತ್ತಾನೆ. ಇಲ್ಲಿ ಓದುಗನಿಗೆ ನಿರೂಪಕನಿಗಿಂತ ಹೆಚ್ಚು ಗೊತ್ತು, ತುತ್ತು ತುತ್ತಿಗೂ ಬಿಗಿ ಏರುತ್ತದೆ.

ಮೂರನೆಯವನು ಕಿಂಡಿಯ ಹೊರಗೆ ಸರದಿಯಲ್ಲಿ ನಿಂತ ಸೈನಿಕ. ಮುಂದಿನವನ ತಲೆ ಒಳಗೆ ಹೋಯಿತು, ಭುಜ ಹೋಯಿತು, ಕೊನೆಗೆ ಎರಡು ಪಾದ ಸರ್ರನೆ ಒಳಗೆ ಎಳೆದುಕೊಂಡ ಹಾಗೆ ಮಾಯವಾದವು. ಆಚೆಯಿಂದ ಮಾತಿಲ್ಲ. ಈಗ ಇವನ ಸರದಿ. ಗಮನಿಸಿ, ಇಲ್ಲಿ ಎಲ್ಲವೂ ‘ಒಳಗೆ ಹೋಯಿತು’. ಒಂದೇ ಒಂದು ಕಡೆ ಮರೆತು ‘ಒಳಗೆ ಬಂತು’ ಎಂದರೆ ಓಬವ್ವನ ಪಕ್ಕಕ್ಕೆ ಹಾರಿಬಿಟ್ಟಿರುತ್ತೀರಿ, ಭಯವೆಲ್ಲ ಸೋರಿಹೋಗುತ್ತದೆ.

ನನಗೆ ಕೇಳಿದರೆ ಗಂಡನದೇ ಒಳ್ಳೆಯ ಕತೆ. ಸೈನಿಕನದು ಎರಡೂವರೆ ಪುಟದಲ್ಲಿ ಮುಗಿಯಬೇಕಾದ ವಸ್ತು, ಎಳೆದರೆ ಚಮತ್ಕಾರವಾಗುತ್ತದೆ. ನಿಮ್ಮ ಕತೆಯಲ್ಲೂ ಎಲ್ಲ ಗೊತ್ತಿರುವವರನ್ನು ಮೊದಲು ಪಕ್ಕಕ್ಕೆ ಕೂರಿಸಿ, ಘಟನೆಗೆ ಹತ್ತಿರವಿದ್ದೂ ಏನೋ ಒಂದು ಕಾಣದವರು ಯಾರಿದ್ದಾರೆ ಎಂದು ಹುಡುಕಿ.

ದೋಷವಲ್ಲದ್ದನ್ನು ದೋಷ ಎನ್ನಬೇಡಿ

ಮೇಲಿನದನ್ನು ಓದಿ, ಒಂದಕ್ಕಿಂತ ಹೆಚ್ಚು ತಲೆಯೊಳಗೆ ಹೋಗುವುದೇ ಅಪರಾಧ ಎಂದು ಯಾರಾದರೂ ತಿಳಿದರೆ ನಾನು ಹೊಣೆಯಲ್ಲ. ಹರಿಕಥೆ ದಾಸರು ರಾಮನ ಮನಸ್ಸನ್ನೂ ಹೇಳುತ್ತಾರೆ, ಮಂಥರೆಯದನ್ನೂ ಹೇಳುತ್ತಾರೆ, ನಡುವೆ ನಿಲ್ಲಿಸಿ ಮುಂದಿನ ಸಾಲಿನಲ್ಲಿ ತೂಕಡಿಸುವವರನ್ನೂ ಗದರುತ್ತಾರೆ. ಗೊಂದಲವಾಗುವುದಿಲ್ಲ. ಏಕೆಂದರೆ ಎಲ್ಲವನ್ನೂ ಹೇಳುತ್ತಿರುವುದು ದಾಸರೇ ಎಂದು ಮೊದಲ ಪದದಿಂದಲೇ ಗೊತ್ತಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅಷ್ಟೊಂದು ಜನರೊಳಗೆ ಹೋಗಿ ಬರುತ್ತದೆ, ನಾಯಿಯನ್ನೂ ಬಿಡುವುದಿಲ್ಲ. ಅಲ್ಲಿಯೂ ಎಲ್ಲರನ್ನೂ ಹಿಡಿದ ಒಂದು ದನಿಯಿದೆ.

ಪರೀಕ್ಷೆ ಸರಳ. ನಿಮ್ಮ ಕತೆಯ ಮೊದಲ ಪುಟದಲ್ಲಿ ಎಷ್ಟು ತಲೆ ತೆರೆದಿವೆ ನೋಡಿ. ಒಂದೇ ತೆರೆದಿದ್ದು, ಒಂಬತ್ತನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಎರಡನೆಯದು ತೆರೆದರೆ ಅದು ಜಾರಿಕೆ. ಮೊದಲ ಪುಟದಲ್ಲೇ ಎರಡು ಮೂರು ತೆರೆದು, ಅವನ್ನು ಕಟ್ಟಿದ ದನಿಗೆ ಅದರದೇ ಒಂದು ಸ್ವಭಾವ ಇದ್ದರೆ ಅದು ಆಯ್ಕೆ, ಮುಟ್ಟಬೇಡಿ.

ಎತ್ತಲೇಬೇಕಾದಾಗ

ಎಲ್ಲ ಮೀಟರ್ ಹಚ್ಚಿಯೂ ಕತೆ ತಿರುಗದಿದ್ದರೆ ಎತ್ತಿ. ಆದರೆ ಕಂಪ್ಯೂಟರಿನಲ್ಲಿ ‘ಅವನು’ ಹುಡುಕಿ ‘ನಾನು’ ತುಂಬುವುದಲ್ಲ. ಹಳೆಯ ಪ್ರತಿಯನ್ನು ಮುಚ್ಚಿಟ್ಟು, ಕತೆಯ ಅತ್ಯಂತ ಬಿಗಿಯಾದ ಒಂದು ಪುಟವನ್ನು ಮಾತ್ರ ಹೊಸ ಜಾಗದಿಂದ ನೆನಪಿನಲ್ಲೇ ಬರೆಯಿರಿ. ಆ ಪುಟದಲ್ಲಿ ಹಳೆಯದರಲ್ಲಿ ಇಲ್ಲದ ಏನಾದರೂ ಹೊಸದು ಕಂಡರೆ ಮಾತ್ರ ಮುಂದುವರಿಯಿರಿ.

ನಾನೂ ಒಮ್ಮೆ ಎತ್ತಿದ್ದೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಕೊನೆಯ ದಿನಗಳು; ನೂಲಿನ ಗಿರಣಿಯೊಂದು ಮುಚ್ಚಿದ ಕತೆ. ಅಲ್ಲಿ ದುಡಿಯುತ್ತಿದ್ದ ಅಪ್ಪನ ಬಾಯಲ್ಲಿ ‘ನಾನು’ ಎಂದು ಬರೆದೆ. ಯಂತ್ರಗಳು, ಪಾಳಿಗಳು, ಮುಷ್ಕರ, ಎಲ್ಲ ಸರಿಯಾಗಿತ್ತು. ಮೂರು ಸಲ ತಿದ್ದಿದರೂ ಅದು ಗಿರಣಿಯ ವರದಿಯಾಗಿಯೇ ಉಳಿಯಿತು. ನಮ್ಮಪ್ಪ ಇಡೀ ಜೀವಮಾನದಲ್ಲಿ ಒಟ್ಟಿಗೆ ನಾಲ್ಕು ವಾಕ್ಯ ಮಾತನಾಡಿದವರಲ್ಲ. ಅವರ ಬಾಯಲ್ಲಿ ನಾನು ಹದಿನಾಲ್ಕು ಪುಟ ತುರುಕಿದ್ದೆ.

ಆಮೇಲೆ ಬುತ್ತಿ ತರುವ ಹುಡುಗನನ್ನು ಕೂರಿಸಿದೆ. ಅವನನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಒಳಗಿನ ಸದ್ದು ಅವನಿಗೆ ಕೇಳುತ್ತದೆ, ಯಂತ್ರ ಕಾಣುವುದಿಲ್ಲ. ಅಪ್ಪ ಹೊರಗೆ ಬರುತ್ತಾರೆ, ತಲೆಯ ಮೇಲೆ ಹತ್ತಿಯ ಎಳೆ. ಬುತ್ತಿ ಇಸಿದುಕೊಂಡು ಒಳಗೆ ಹೋಗುತ್ತಾರೆ. ಹುಡುಗನಿಗೆ ಗೊತ್ತಿರುವ ಗಿರಣಿ ಅಷ್ಟೇ. ಯೂನಿಯನ್ ಮಾತು, ಬಾಕಿ ಸಂಬಳ ಎಲ್ಲವೂ ಅವ್ವ ಪಕ್ಕದ ಮನೆಯವರ ಹತ್ತಿರ ಆಡಿದ ಮಾತಿನಲ್ಲಿ ‘ಅಂತೆ’ಯಾಗಿ ಬಂದವು. ಹದಿನಾಲ್ಕು ಪುಟ ಐದಾಯಿತು. ಕೊನೆಯ ದಿನ ಹುಡುಗ ಗೇಟಿಗೆ ಬಂದಾಗ ಬುತ್ತಿ ಇಸಿದುಕೊಳ್ಳಲು ಅಪ್ಪ ಬಂದರು, ತಲೆಯ ಮೇಲೆ ಹತ್ತಿ ಇರಲಿಲ್ಲ.